ಗುಲಾಬಿ ಅತ್ತರದ ಕೆಳಗ ಕೂತ ಶ್ರೀಗಂಧ

ಹೋದ ತಿಂಗಳು ನನ್ನ ತಂಗಿ ಮಗಳು ಪರದೇಶದಿಂದ ಬಂದಾಗ ನನಗ ಒಂದು ಸೆಂಟಿನ ಬಾಟ್ಲಿ ತಂದಿದ್ಲು. "ಮೌಶಿ, ನಿನಗ ಗುಲಾಬಿ ಸೇರ್ತದಲ್ಲ, ಅದಕ್ಕ ಗುಲಾಬೀದs ಹುಡುಕಿ ತಂದೀನಿ" ಅಂದ್ಲು. ಡಬ್ಬಿ ಮ್ಯಾಲ ಬರದದ್ದು ಓದಿದೆ. ಗುಲಾಬಿ, ಲವಂಗ, ಮೆಣಸು, ಶ್ರೀಗಂಧ. ಇದೇನು ಸೆಂಟೋ ಮಸಾಲಿ ಡಬ್ಬಿಯೋ ಅಂತ ನಕ್ಕೆ. ಖರೆ ಹಚ್ಕೊಂಡ ಮ್ಯಾಲ ನಗು ನಿಂತಿತು.

ಮುಂಜಾನೆ ಎಂಟಕ್ಕ ಮಣಿಕಟ್ಟಿಗೆ ಹಚ್ಕೊಂಡೆ. ಮೊದಲು ಮೂಗಿಗೆ ಬಡದದ್ದು ಮೆಣಸು, ಲವಂಗ. ಸೀನು ಬರೂ ಹಂಗ ಆತು. ನಾಕು ಭಕ್ರಿ ಬಡಿಯೂದ್ರಾಗ ಗುಲಾಬಿ ಹೊರಗ ಬಂತು. ನಮ್ಮ ಹಿತ್ತಲದ ಗುಲಾಬಿ ಹಂಗ ಹಸೀ ಸಿಹಿ ಅಲ್ಲ, ಗುಲಾಬಿ ಪಕಳಿ ಒಣಗಿಸಿ ಲವಂಗದ ಡಬ್ಬಿಯೊಳಗ ಇಟ್ಟು ಮರ್ತು, ವರ್ಷದ ಮ್ಯಾಲ ತಗದ್ರ ಹೆಂಗೋ ಹಂಗ. ಮಧ್ಯಾಹ್ನ ಊಟಾ ಮಾಡಿ ಅಡ್ಡಾಗೂ ಹೊತ್ತಿಗೆ ಗುಲಾಬಿನೂ ಸಣ್ಣ ಆಗಿತ್ತು, ಕೆಳಗಿಂದ ಬೆಚ್ಚನ್ನ ಕಟ್ಟಿಗಿ ವಾಸನಿ ಏಳ್ಲಿಕತ್ತಿತ್ತು. ರಾತ್ರಿ ದೀಪಾ ಆರಿಸೂ ಮುಂದ ಬರೇ ಗಂಧ. ಮರುದಿನ ಎದ್ದ ಕೂಡ್ಲೆ ನನ್ನ ಕೈ ತಾನs ಮೂಗಿನ ಹತ್ರ ಹೋತು. ಹಲ್ಲು ಸುದ್ದಾ ತಿಕ್ಕಿರ್ಲಿಲ್ಲ. ಕೈ ಮೂಸಿ ನೋಡಿದೆ, ಗಂಧ ಇನ್ನೂ ಇತ್ತು. ಆವಾಗ ನಮ್ಮ ಅಜ್ಜಿ ನೆನಪಾಗಿ ಹಾಸಗಿ ಮ್ಯಾಲ ಹಂಗs ಕೂತುಬಿಟ್ಟೆ.

ನಿಮಗೆಲ್ಲಾ ನೆನಪದ, ಚೈತ್ರಗೌರಿ ಅರಿಶಿಣ ಕುಂಕುಮಕ್ಕ ನಮ್ಮ ಮನಿಯೊಳಗ ಎಷ್ಟು ಗದ್ದಲ ಇರ್ತಿತ್ತು ಅಂತ. ಕಡ್ಲಿಬ್ಯಾಳಿ ಕೋಸಂಬರಿ, ಮಾವಿನಕಾಯಿ ಪಾನಕ, ನೆನಸಿದ ಕಡ್ಲಿ ಉಡಿ. ಬಂದ ಮುತ್ತೈದಿಯರಿಗೆ ಅರಿಶಿಣ ಕುಂಕುಮ ಕೊಟ್ಟು, ಮುಂಗೈ ಮ್ಯಾಲ ಅತ್ತರ ಹಚ್ಚಿ, ಗುಲಾಬದಾನಿಯಿಂದ ಪನ್ನೀರು ಸಿಂಪಡಿಸೂದು. ಸಿಂಪಡಿಸೂ ಕೆಲಸ ನನ್ನದು. ಕೋಸಂಬರಿ ಬ್ಯಾಳಿ ನೆನಿ ಹಾಕೂದ್ರಿಂದ ಹಿಡದು ಪಾನಕದ ಹದದ ತನಕ ಎಲ್ಲಾ ಅಜ್ಜಿದು. ಆದ್ರ ಆಕಿ ಹೊರಗ ಬರ್ತಿರ್ಲಿಲ್ಲ. ಇಪ್ಪತ್ತೆರಡು ವರ್ಷಕ್ಕ ಅಜ್ಜನ್ನ ಕಳಕೊಂಡಾಕಿ. ತಲಿ ತಗಸಿದ್ರು, ಕೆಂಪು ಸೀರಿ ಉಡಸಿದ್ರು. ಹೂವಿಲ್ಲ, ಅತ್ತರ ಅಂತೂ ಇಲ್ಲೇ ಇಲ್ಲ.

ಚೈತ್ರಕ್ಕ ಮೊದಲು ವಿಜಾಪುರದ ಕಡಿಂದ ಅತ್ತರದ ಸಾಬರು ಬರ್ತಿದ್ರು. ಕಟ್ಟಿಗಿ ಪೆಟಗಿ ತುಂಬ ಸಣ್ಣ ಸಣ್ಣ ಬಾಟ್ಲಿ, ಹತ್ತಿ ಸುತ್ತಿದ ಕಡ್ಡಿ. ಗುಲಾಬಿ, ಮೊಗ್ರಾ, ಖಸ್, ಹಿನಾ. ಅವ್ವ ಕಟ್ಟಿ ಮ್ಯಾಲ ಕೂತು ಬಾಟ್ಲಿ ತಗಸ್ತಿದ್ಲು. ಅಜ್ಜಿ ಒಳಗಿಂದs, ಬಾಗಿಲ ಮರಿಯೊಳಗ ನಿಂತು, "ಹುಡಿಗಿ ಕೈಗೆ ಹಚ್ಚಲಿ" ಅಂತ ಹೇಳ್ತಿದ್ಲು. ಎಡಗೈಗೆ ಒಂದು, ಬಲಗೈಗೆ ಇನ್ನೊಂದು. ಸಾಬರು ಎರಡು ಮೂರು ದಿನ ಊರಾಗs ಇರ್ತಿದ್ರು, ರೊಕ್ಕ ಮರುದಿನ. ಯಾಕಂದ್ರ ಪರೀಕ್ಷಾ ಆಗೂದು ಮರುದಿನ ಮುಂಜಾನೆ. ಅಜ್ಜಿ ಸ್ನಾನಾ ಮಾಡಿ ಮಡಿ ಉಟ್ಳು ಅಂದ್ರ ಆಮ್ಯಾಲ ನಮ್ಮನ್ನ ಮುಟ್ಟೂ ಹಂಗಿಲ್ಲ. ಅದಕ್ಕ ಸ್ನಾನಕ್ಕ ಮೊದಲು, ಇನ್ನೂ ಕತ್ತಲಿದ್ದಾಗs ನನ್ನ ಹಾಸಗಿ ಹತ್ರ ಬಂದು, ಎರಡೂ ಕೈ ಹಿಡದು, ಮೂಗಿಗೆ ಹಚ್ಚಿ, ಕಣ್ಣು ಮುಚ್ಚಿ ಮೂಸ್ತಿದ್ಲು. ಭಾಳ ಹೊತ್ತು. ನನಗ ಕಚಗುಳಿ ಆಗ್ತಿತ್ತು.

"ಸಂಜೀಕ ಗುಲಾಬಿ ಹೋಗಬೇಕು, ಮುಂಜಾನಿಗೆ ಗಂಧ ಉಳೀಬೇಕು. ಮುಂಜಾನಿಗೆ ಏನೂ ಉಳೀಲಿಲ್ಲಂದ್ರ ಅದು ಬರೇ ಎಣ್ಣಿ." ಇದು ಆಕಿ ಲೆಕ್ಕ. ಪರೀಕ್ಷಾ ಮಾಡ್ತಾಳ ಅಂತs ತಿಳಕೊಂಡಿದ್ದೆ ನಾನು. ಒಂದು ಸಲ ಮೂಸಿದ್ರ ಗೊತ್ತಾಗೂದಕ್ಕ ಅಷ್ಟು ಹೊತ್ತು ಯಾಕ ಬೇಕಿತ್ತು ಅಂತ ಹೊಳದದ್ದು ನನಗ ನಲವತ್ತು ದಾಟಿದ ಮ್ಯಾಲ.

ಪಿಯುಸಿಯೊಳಗ ಇತಿಹಾಸ ನನ್ನ ವಿಷಯ ಆಗಿತ್ತು. ಅಲ್ಲಿ ಜಹಾಂಗೀರ ಅಂದ್ರ ನ್ಯಾಯದ ಗಂಟಿ, ನೂರ್‌ಜಹಾನ್, ಅಷ್ಟs. ಗುಲಾಬಿ ಅತ್ತರದ ಕಥಿ ಅವರ ಮನಿಯೊಳಗಿಂದು ಅಂತ ಯಾರೂ ಕಲಿಸಲಿಲ್ಲ. ನೂರ್‌ಜಹಾನ್ ಸ್ನಾನಾ ಮಾಡೂ ಕೊಳದಾಗ ಗುಲಾಬಿ ನೀರು ತುಂಬಿಸಿದ್ದಳು, ಅದರ ಮ್ಯಾಲ ಎಣ್ಣಿ ತೇಲೂದು ಕಂಡಿತು ಅಂತ ಒಂದು ಕಥಿ ಎಲ್ಲಾ ಕಡೆ ಓಡಾಡ್ತದ. ಆದ್ರ ಜಹಾಂಗೀರ ತಾನ ಬರದಿಟ್ಟ ದಿನಚರಿಯೊಳಗ, 1614ರ ಸುಮಾರಿಗೆ, ಬ್ಯಾರೆನs ಹೇಳ್ಯಾನ. ಅತ್ತರ ಕಂಡುಹಿಡದಾಕಿ ನೂರ್‌ಜಹಾನ್ ಅಲ್ಲ, ಆಕಿ ತಾಯಿ ಅಸ್ಮತ್ ಬೇಗಂ. ಅಂದ್ರ ಬಾದಶಹನ ಅತ್ತಿ.

ಹೆಂಗ ಕಂಡುಹಿಡದ್ಲು ಅಂತ ಓದಿದ್ರ ನಮಗ ನಿಮಗೆಲ್ಲಾ ಭಾಳ ಹತ್ರ ಅನಸ್ತದ. ಗುಲಾಬಿ ನೀರು ಇಳಿಸಿ, ಬಿಸಿ ಬಿಸಿ ಇದ್ದಾಗ ಅಗಲ ಪಾತ್ರಿಯೊಳಗ ಹಾಕಿದ್ಲಂತ. ಮ್ಯಾಲ ಒಂದು ತೆಳ್ಳನ್ನ ಕೆನಿ ಕಟ್ಟಿತು. ಆ ಕೆನೀನ ಚೂರು ಚೂರು ತಗದು ಕೂಡಿಸಿದ್ಲು. ನಾವು ಹಾಲು ಕಾಸಿ ಆರಿಸಿಟ್ಟು, ಕೆನಿ ತಗದು ಬೆಣ್ಣಿಗೆ ಕೂಡಿಸೂ ಹಂಗ. ಕೆನಿ ಕಂಡ ಕೂಡ್ಲೆ ಅದನ್ನ ಬ್ಯಾರೆ ತಗದು ಇಡಬೇಕು ಅನಸೂದು ಅಡಿಗಿ ಮನಿ ಕಂಡ ಹೆಣ್ಣಮಕ್ಕಳಿಗೆ. ದೊಡ್ಡ ದೊಡ್ಡ ಹಕೀಮರು ಎಷ್ಟು ಗುಲಾಬಿ ನೀರು ಇಳಿಸಿದ್ರೋ, ಅವರ ಕಣ್ಣಿಗೂ ಆ ಕೆನಿ ಬಿದ್ದಿರಬೇಕು, ಬಿಡ್ರಿ. ಆದ್ರ ಬಾದಶಹ ಬರದದ್ದು ಅತ್ತಿ ಹೆಸರಿಗೆ. ಒಂದು ಹನಿ ಅಂಗೈಗೆ ತಿಕ್ಕಿದ್ರ ಇಡೀ ಸಭಾ ಘಮ್ಮಂತದ ಅಂತ ಹೊಗಳಿ, ಆಕಿಗೆ ಮುತ್ತಿನ ಸರಾ ಕೊಟ್ಟದ್ದನ್ನೂ ಬರದಾನ. ಅಳಿಯಾ ಅತ್ತೀನ ಇಷ್ಟು ಹೊಗಳಿದ್ದು ಬ್ಯಾರೆ ಎಲ್ಲಿ ಓದೀನೋ ನನಗ ನೆನಪಿಲ್ಲ.

ಆ ಎಣ್ಣಿ ಥಂಡಿಗೆ ಖರೇನs ಕೆನಿ ಹಂಗ ಗಟ್ಟಿ ಆಗ್ತದ. ಗುಲಾಬಿ ಎಣ್ಣಿಯೊಳಗ ಮೇಣದಂಥಾ ಒಂದು ಅಂಶ ಇರ್ತದ, ಅದರ ಗುಣ ಅದು. ಮೂರು ನಾಕು ಸಾವಿರ ಕಿಲೋ ಪಕಳಿ ಹಾಕಿದ್ರ ಒಂದು ಕಿಲೋ ಎಣ್ಣಿ ಸಿಗ್ತದ ಅಂದ ಮ್ಯಾಲ ಮುತ್ತಿನ ಸರಾ ಹೆಚ್ಚಾತು ಅಂತ ಯಾರೂ ಅನ್ನೂ ಹಂಗಿಲ್ಲ.

ಇನ್ನೊಂದು ಮಾತು ಅದರಾಗs ಅದ. ಆ ಅತ್ತರಕ್ಕ "ಇತ್ರ್-ಎ-ಜಹಾಂಗೀರಿ" ಅಂತ ಹೆಸರಿಟ್ಟಾಕಿ ಸಲೀಮಾ ಸುಲ್ತಾನ್ ಬೇಗಂ. ಆಕಿ ಅಕ್ಬರನ ಹೆಂಡತಿ. ಮೊದಲು ಬೈರಾಮ್ ಖಾನನ್ನ ಲಗ್ನ ಆಗಿದ್ಲು, ಅವನ ಕೊಲಿ ಆದ ಮ್ಯಾಲ ಅಕ್ಬರನ್ನ ಆದ್ಲು. 1605ರಾಗ ಅಕ್ಬರನೂ ತೀರಿಕೊಂಡ. ಅಂದ್ರ ಅತ್ತರಕ್ಕ ಹೆಸರಿಡೂ ಹೊತ್ತಿಗೆ ಆಕಿ ಎರಡು ಸಲ ಗಂಡನ್ನ ಕಳಕೊಂಡ ಮುದುಕಿ. ಆ ಮುದುಕಿ ಮೂಸಿ, ಮೆಚ್ಚಿ, ಹೆಸರಿಟ್ಟ ಅತ್ತರ ಇದು. ಈ ಸಾಲು ಓದಿದ ದಿನ ಪುಸ್ತಕ ಮುಚ್ಚಿಟ್ಟು ಚಹಾ ಮಾಡ್ಕೊಂಡು ಕುಡದೆ.

ಅಷ್ಟರ ಮ್ಯಾಲ ಸುಗಂಧ ಎಲ್ಲಾ ದಿಲ್ಲಿ ಆಗ್ರಾದಿಂದನs ಬಂತು ಅಂತ ತಿಳಕೋಬ್ಯಾಡ್ರಿ. ನಮ್ಮ ಕಲ್ಯಾಣ ಚಾಲುಕ್ಯರ ಕಾಲದಾಗ, 1025ರ ಸುಮಾರಿಗೆ, ಚಾವುಂಡರಾಯ ಅನ್ನಾಂವ ಕನ್ನಡದಾಗ "ಲೋಕೋಪಕಾರ" ಬರದ. ಬಾವಿ ತೋಡೂದು, ಗಿಡಾ ಬೆಳಸೂದು, ಅಡಿಗಿ, ಔಷಧ ಎಲ್ಲಾ ಅದರಾಗ ಅವ, ಸುಗಂಧ ಮಾಡೂದೂ ಅದ. ಒಂದು ಸಂಸಾರಕ್ಕ ಬೇಕಾದ ಪುಸ್ತಕ ನೋಡ್ರಿ. ಆಮ್ಯಾಲ 12ನೇ ಶತಮಾನದಾಗ ಅದs ಮನೆತನದ ಮೂರನೇ ಸೋಮೇಶ್ವರ, ಈಗಿನ ಬಸವಕಲ್ಯಾಣದಾಗ ಕೂತು, ಸಂಸ್ಕೃತದಾಗ "ಮಾನಸೋಲ್ಲಾಸ" ಬರಸ್ಯಾನ. ಮೈಗೆ ಪೂಸೂ ಲೇಪಗಳ ಮಾತೇ ಅದರಾಗ ಒಂದು ಭಾಗ. ಅಲ್ಲೆಲ್ಲಾ ದರ್ಬಾರು ಗಂಧ, ಕರ್ಪೂರ, ಕಸ್ತೂರೀದು. ಜಹಾಂಗೀರ ಆಳೂ ದಿವಸದಾಗನs ನಮ್ಮ ವಿಜಾಪುರದಾಗ ಎರಡನೇ ಇಬ್ರಾಹಿಂ ಆದಿಲ್‌ಶಾಹ ಇದ್ದ. ಹಾಡು, ಸರಸ್ವತಿ, ನವರಸ ಅಂತ ಹುಚ್ಚು ಹಿಡದವ. ಅವನ ಸಲುವಾಗಿ "ಇತ್ರ್-ಎ-ನೌರಸ್ ಶಾಹಿ" ಅಂತ ಫಾರಸಿಯೊಳಗ ಸುಗಂಧದ್ದs ಒಂದು ಪುಸ್ತಕ ಬರದ್ರು. ನಮ್ಮ ಅತ್ತರದ ಸಾಬರು ಬರ್ತಿದ್ದದ್ದು ಅದs ಊರಿನ ಕಡಿಂದ. ಅವರಿಗೆ ಈ ಪುಸ್ತಕದ ಸುದ್ದಿ ಗೊತ್ತಿತ್ತೋ ಇಲ್ಲೋ.

"ಗುಲಾಬಿ" ಅನ್ನೂ ಮಾತಿನೊಳಗನs ಒಂದು ಮಜಾ ಅದ. ಫಾರಸಿಯೊಳಗ ಗುಲ್ ಅಂದ್ರ ಹೂವು, ಆಬ್ ಅಂದ್ರ ನೀರು. ಗುಲಾಬ್ ಅಂದ್ರ ಹೂವಿನ ನೀರು. ನಾವು ನೀರಿನ ಹೆಸರು ಹೂವಿಗೆ ಇಟ್ಟು ಕೂತೀವಿ. ಹಂಗs ನಮ್ಮ ಕನ್ನಡದಾಗ ಗಂಧ ಅಂದ್ರ ವಾಸನೀನೂ ಹೌದು, ಕಟ್ಟಿಗೀನೂ ಹೌದು. ಎಲ್ಲಾ ವಾಸನೀಗೂ ಒಂದು ಕಟ್ಟಿಗಿ ಹೆಸರು.

ಈಗ ಅಸಲೀ ಮಾತಿಗೆ ಬರ್ತೀನಿ. ಗುಲಾಬಿ ವಾಸನಿ ನಿಂದ್ರೂದಲ್ಲ. ಹಗರು, ಗಾಳಿಗೆ ಹಾರಿ ಹೋಗ್ತದ. ಅದನ್ನ ಹಿಡದು ಕೂಡಸಲಿಕ್ಕೆ ಕೆಳಗ ಒಂದು ಭಾರ ಬೇಕು. ಆ ಭಾರ ಶ್ರೀಗಂಧದ ಎಣ್ಣಿ. ಅದರಾಗಿನ ಸ್ಯಾಂಟಲಾಲ್ ಅನ್ನೂ ಅಂಶ ಬ್ಯಾಗನ ಹಾರಂಗಿಲ್ಲ, ಗುಲಾಬೀನೂ ಹಾರಗೊಡಂಗಿಲ್ಲ. ಇದನ್ನ ಚೆಂದಂಗ ತಿಳಕೊಂಡವರು ಉತ್ತರ ಪ್ರದೇಶದ ಕನೌಜದವರು. ಗಂಗಾ ನದಿ ಹತ್ರದ ಊರು, ಹರ್ಷವರ್ಧನನ ರಾಜಧಾನಿ ಅಂತ ನಾವು ಓದಿದ್ದು ಅದನ್ನs.

ಅಲ್ಲಿ ಇನ್ನೂ ತಾಮ್ರದ ದೊಡ್ಡ ಹಂಡೇದಾಗ ಅತ್ತರ ಇಳಸ್ತಾರ. ಹಂಡೇಕ್ಕ ದೇಗ ಅಂತಾರ. ಅಲಿಗಢ, ಹಾಥರಸ್ ಕಡೆ ಹೊಲದಾಗ ಬೆಳದ ಗುಲಾಬೀನ ಸೂರ್ಯ ಏಳೂದ್ರಾಗ ಕಿತ್ತು ತರ್ತಾರ, ಬಿಸಿಲು ಬಿತ್ತಂದ್ರ ಎಣ್ಣಿ ಹಾರ್ತದ. ದೇಗದಾಗ ಹೂವು, ನೀರು ಹಾಕಿ, ಮುಚ್ಚಳ ಮುಚ್ಚಿ, ಸಂದಿಗೆ ಮಣ್ಣು ಹತ್ತಿ ಕಲಸಿ ಮೆತ್ತತಾರ. ನಾವು ಬಿರಿಯಾಣಿ ಹಂಡೇಕ್ಕ ಕಣಕ ಮೆತ್ತೂ ಹಂಗ. ಕೆಳಗ ಕಟ್ಟಿಗಿ, ಕುಳ್ಳಿನ ಸಣ್ಣ ಉರಿ. ದೇಗದಿಂದ ಒಂದು ಬಿದಿರ ಕೊಳವಿ ಉದ್ದ ಕುತ್ತಿಗಿ ತಾಮ್ರದ ಕೊಡದೊಳಗ ಇಳೀತದ. ಆ ಕೊಡ ಭಪಕಾ. ಅದು ನೀರಿನ ತೊಟ್ಟಿಯೊಳಗ ಕೂತಿರ್ತದ, ಉಗಿ ಅಲ್ಲಿ ಆರಿ ಹನಿ ಆಗ್ತದ. ಖರೆ ಆ ಕೊಡ ಖಾಲಿ ಇರಂಗಿಲ್ಲ. ಮೊದಲs ಅದರಾಗ ಶ್ರೀಗಂಧದ ಎಣ್ಣಿ ಹಾಕಿಟ್ಟಿರ್ತಾರ. ಗುಲಾಬಿ ಉಗಿ ಬಂದು ಗಂಧದ ಮಡಿಲಾಗ ಬೀಳ್ತದ.

ರಾತ್ರಿ ಆರಲಿಕ್ಕೆ ಬಿಟ್ಟು, ಮುಂಜಾನೆ ಕೆಳಗಿನ ನೀರು ತಗದು ತಿರುಗಿ ದೇಗಕ್ಕ ಹಾಕ್ತಾರ. ಹೊಸಾ ಹೂವು, ಅದs ಗಂಧದ ಎಣ್ಣಿ. ಹಿಂಗ ದಿನಾ, ವಾರಗಟ್ಟಲೆ. ಗಡಿಯಾರಿಲ್ಲ, ಉಷ್ಣಮಾಪಕ ಇಲ್ಲ, ತಾಮ್ರದ ಮ್ಯಾಲ ಕೈ ಇಟ್ಟು, ಉಗಿ ಸಪ್ಪಳ ಕೇಳಿ ಉರಿ ಹೆಚ್ಚು ಕಡಿಮಿ ಮಾಡೂ ಮಂದಿ ಅವರು. ಆಮ್ಯಾಲ ಚರ್ಮದ ಕುಪ್ಪಿಯೊಳಗ ತುಂಬಿ ಇಡ್ತಾರ, ನೀರಿನ ಪಸಿ ಚರ್ಮದಿಂದ ಹೊರಗ ಹೋಗ್ಲಿ ಅಂತ. ಇದs ಪದ್ಧತಿಯೊಳಗ ಸುಟ್ಟ ಮಣ್ಣಿಂದ ಮೊದಲ ಮಳಿ ವಾಸನಿ ಸುದ್ದಾ ಇಳಸ್ತಾರ, ಮಿಟ್ಟಿ ಅತ್ತರ ಅಂತ. ಅದನ್ನ ಇನ್ನೊಮ್ಮೆ ಬರೀತೀನಿ.

ಖಾರದ ಮಾತು ಉಳೀತು. ಲವಂಗದ ವಾಸನಿ ಕೊಡೂದು ಯೂಜಿನಾಲ್ ಅಂತ ಒಂದು ಅಂಶ. ಅದು ಗುಲಾಬಿ ಎಣ್ಣಿಯೊಳಗೂ ಚೂರು ಇರ್ತದ. ಅದಕ್ಕs ಗುಲಾಬಿಗೂ ಲವಂಗಕ್ಕೂ ಜಗಳಿಲ್ಲ, ಬೀಗರು ಅವರು. ಕನೌಜದಾಗ ಶಮಾಮಾ ಅಂತ ಇನ್ನೊಂದು ಅತ್ತರ ಮಾಡ್ತಾರ. ಲವಂಗ, ಯಾಲಕ್ಕಿ, ಜಾಜಿಕಾಯಿ, ಜಾಪತ್ರಿ, ಜಟಾಮಾಂಸಿ, ಕಲ್ಲುಹೂವು ಎಲ್ಲಾ ಅದರಾಗ. ಕಲ್ಲುಹೂವು ಅಂದ್ರ ನಮ್ಮ ಮಸಾಲಿ ಪುಡಿಯೊಳಗ ಹಾಕೂದs. ಮಸಾಲಿ ಹುರಿಯೂ ಮುಂದ ಅದು ಕಾದ ಕೂಡ್ಲೆ ಒಂದು ಕಟ್ಟಿಗಿ, ಹೊಗಿ ವಾಸನಿ ಬರ್ತದಲ್ಲ, ಆ ಸೆಂಟಿನ ಬಾಟ್ಲಿ ನೋಡಿ ನಾ ನಕ್ಕದ್ದು ತಪ್ಪಾತು.

ಇನ್ನ ಗಂಧ ಎಲ್ಲಿಂದ ಬರ್ತಿತ್ತು ಅಂದ್ರ ನಮ್ಮ ಕಡಿಂದನs. ಮೈಸೂರು ಸೀಮಿ ಶ್ರೀಗಂಧ ಅಂದ್ರ ಜಗತ್ತಿಗೇ ಹೆಸರು. 1792ರಾಗ ಟಿಪ್ಪು ಸುಲ್ತಾನ ಶ್ರೀಗಂಧದ ಗಿಡ ರಾಜರದು ಅಂತ ಸಾರಿದ. ಒಡೆಯರು ಅದನ್ನ ಹಂಗs ಮುಂದುವರಿಸಿದ್ರು. ಮೊದಲು ಕಟ್ಟಿಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣಿ ಆಗ್ತಿತ್ತು. 1914ರಾಗ ಮಹಾಯುದ್ಧ ಸುರು ಆಗಿ ಆ ದಾರಿ ಬಂದಾತು. ಕಟ್ಟಿಗಿ ರಾಶಿ ಬಿತ್ತು. ಆವಾಗ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯನವರು ಕೂಡಿ ನಮ್ಮಲ್ಲೇ ಎಣ್ಣಿ ತಗಿಯೂ ಕೆಲಸಕ್ಕ ಕೈ ಹಾಕಿದ್ರು. 1916ರಾಗ ಸುರು ಆತು. ಎರಡು ವರ್ಷದ ಮ್ಯಾಲ ಬೆಂಗಳೂರಾಗ ಸಾಬೂನು ಕಾರ್ಖಾನಿ. ಮೈಸೂರು ಸ್ಯಾಂಡಲ್ ಸೋಪು ನಮ್ಮ ಬಚ್ಚಲಕ್ಕ ಬಂದದ್ದು ಒಂದು ಯುದ್ಧದ ದೆಸಿಯಿಂದ ಅಂದ್ರ ನಂಬ್ತೀರೇನು?

ಗಂಧದ ಗಿಡದ ಹಣೆಬರಾನs ವಿಚಿತ್ರ. ಅದು ಬಾಜೂ ಗಿಡದ ಬೇರಿಗೆ ತನ್ನ ಬೇರು ಹಚ್ಚಿ ಊಟಾ ಮಾಡ್ತದ, ಒಂಟಿ ಬೆಳಿಯಂಗಿಲ್ಲ. ವಾಸನಿ ಇರೂದು ಒಳಗಿನ ತಿರುಳಿನಾಗ, ಅದು ಕೂಡಲಿಕ್ಕೆ ಹತ್ತಾರು ವರ್ಷ ಬೇಕು. ಎಲ್ಲಾಕಿಂತ ಹೆಚ್ಚು ಎಣ್ಣಿ ಬೇರಿನಾಗ. ಹಿಂಗಾಗಿ ಕಡಿಯೂದಲ್ಲ, ಬೇರು ಸಮೇತ ಕೀಳೂದು. ಮ್ಯಾಲ ನಮ್ಮ ಹಿತ್ತಲದಾಗ ತಾನs ಹುಟ್ಟಿದ್ರೂ ಅದು ಸರಕಾರದ್ದು. ನೀರು ಹಾಕಿ ಬೆಳಸಿದವರಿಗೆ ಪೊಲೀಸರ ಕಾಟ, ಕದ್ದವರಿಗೆ ರೊಕ್ಕ. ಯಾರು ಬೆಳಸ್ತಾರ ಹೇಳ್ರಿ? ಸಸಿ ಕಂಡ ಕೂಡ್ಲೆ ಕಿತ್ತು ಒಗೀತಿದ್ದ ಮಂದಿ ಇದ್ರು. 2001ರಾಗ ಕಾಯ್ದೆ ತಿದ್ದಿ, ಹೊಲದವರಿಗೇ ಗಿಡದ ಹಕ್ಕು ಕೊಟ್ರು. ಅಷ್ಟೊತ್ತಿಗೆ ಕಾಡು ಬರಿದಾಗಿತ್ತು.

ಗಂಧ ತುಟ್ಟಿ ಆತು, ಕನೌಜದ ಭಪಕಾದಾಗೂ ಅದು ಕಡಿಮಿ ಆತು. ಈಗ ಅಲ್ಲಿ ಭಾಳ ಅತ್ತರಗಳಿಗೆ ಕೆಳಗ ಕೂಡೂದು ಗಂಧ ಅಲ್ಲ, ಪ್ಯಾರಾಫಿನ್ ಎಣ್ಣಿ, ಇಲ್ಲಂದ್ರ ಬ್ಯಾರೆ ಯಾವುದರೆ ರಾಸಾಯನಿಕ. ಅದಕ್ಕ ತನ್ನ ವಾಸನಿ ಇಲ್ಲ. ಗುಲಾಬಿ ಹೋದ ಮ್ಯಾಲ ಕೈಯಾಗ ಉಳಿಯೂದು ಬರೇ ಜಿಡ್ಡು. ಮೂರು ವರ್ಷದ ಹಿಂದ ಚೈತ್ರಕ್ಕಂತ ಒಂದು ಅಂಗಡಿಯೊಳಗ "ಅಸಲಿ ಗುಲಾಬ್" ಅಂತ ಕೊಟ್ಟದ್ದನ್ನ ತಂದಿದ್ದೆ. ಬಂದವರು ಕೋಸಂಬರಿ ತಿಂದು ಕೈ ತೊಳಿಯೂದ್ರಾಗ ವಾಸನಿ ಮಾಯ. ಅಂಗಡಿಯಾಂವ ನಕ್ಕೋತ, "ಗಂಧದ್ದು ಬೇಕಂದ್ರ ಬಂಗಾರದಂಗಡಿಗೆ ಹೋಗ್ರಿ ಅಕ್ಕಾರ" ಅಂದ. ಅಜ್ಜಿ ಇದ್ದಿದ್ರ ಅವನಿಗೆ ರೊಕ್ಕ ಮುಟ್ಟತಿರ್ಲಿಲ್ಲ.

ತಂಗಿ ಮಗಳ ಬಾಟ್ಲಿಯೊಳಗಿನ ಗಂಧ ಗಿಡದ್ದೋ ಕಾರ್ಖಾನಿದೋ, ಡಬ್ಬಿ ಮ್ಯಾಲ ಅದನ್ನ ಬರದಿಲ್ಲ. ಮುಂಜಾನಿತನಕ ನಿಂತದ್ದಂತೂ ಖರೆ. ಆದ್ರೂ ಫರಕು ಅದ. ಇದು ಹಚ್ಚಿಕೊಂಡ ಕೂಡ್ಲೆ ಎದುರಿನವರಿಗೆ ಗೊತ್ತಾಗ್ತದ. ಅಜ್ಜಿ ಆರಿಸಿದ ಅತ್ತರ ಹಂಗಲ್ಲ. ಕೈ ಹತ್ರ ಬಂದವರಿಗೆ ಅಷ್ಟs ಗೊತ್ತು.

ಅಜ್ಜಿ ಹೋದ ಮ್ಯಾಲ ಆಕಿ ಪೆಟಗಿ ತಗದಾಗ ಎರಡು ಕೆಂಪು ಸೀರಿ, ಜಪದ ಸರಾ, ಅಜ್ಜನ ಒಂದು ಉತ್ತರೀಯ ಇದ್ವು. ಉತ್ತರೀಯದ ಘಳಿಗಿಯೊಳಗ ಹೆಬ್ಬೆಟ್ಟಿನಷ್ಟು ಬಾಟ್ಲಿ, ಖಾಲಿ, ಬಿರಡಿ ಹಾಕೇ ಇತ್ತು. ಅವ್ವ ಬಿರಡಿ ತಗದು ಮೂಸಿ ನನ್ನ ಕಡೆ ಚಾಚಿದ್ಲು. ಗುಲಾಬಿ ಇರ್ಲಿಲ್ಲ. ಲವಂಗದ್ದು ಚೂರು, ಕೆಳಗ ಗಂಧ. ಐವತ್ತು ವರ್ಷದ ಮ್ಯಾಲಿಂದು ಇರಬೇಕು. ಆ ಬಾಟ್ಲಿ ಈಗ ನನ್ನ ರೇಶ್ಮಿ ಸೀರಿ ನಡುವ ಅದ. ಯಾರರೆ ನೋಡ್ತೀನಿ ಅಂದ್ರ ತೋರಸ್ತೀನಿ, ಬಿರಡಿ ಮಾತ್ರ ಭಾಳ ಹೊತ್ತು ತಗದಿಡಬ್ಯಾಡ್ರಿ. ಹಾಂ, ಮತ್ತ ಅತ್ತರ ಸೀದಾ ರೇಶ್ಮಿಗೆ, ಜರಿಗೆ ಹಚ್ಚಬ್ಯಾಡ್ರಿ, ಕಲಿ ಬೀಳ್ತದ. ಹತ್ತಿಗೆ ಹಚ್ಚಿ ಘಳಿಗಿ ನಡುವ ಇಡ್ರಿ.

ಈ ಚೈತ್ರಕ್ಕ ನಮ್ಮ ಮನಿ ಅರಿಶಿಣ ಕುಂಕುಮದ ಯಾದಿ ಬರದೀನಿ. ಎದುರು ಮನಿ ಕಾಕುನ ಹೆಸರು ಮೊದಲು ಬರದೀನಿ. ಕಾಕಾ ಹೋದ ಮ್ಯಾಲ ಎರಡು ವರ್ಷ ಅವರು ಬಂದಿಲ್ಲ, ನಾ ಕರೀಲೂ ಇಲ್ಲ. ಕರೀಲಿಲ್ಲ ಅನ್ನೂದು ಅವರ ತಪ್ಪಲ್ಲ, ನಂದು. ಕಾಕು, ಇದನ್ನ ಓದ್ಲಿಕತ್ತಿದ್ರ ಕೇಳ್ರಿ, ಫೋನ್ ಮಾಡಂಗಿಲ್ಲ, ನಾನs ಮನಿಗೆ ಬಂದು ಕರೀತೀನಿ. ಮೈಸೂರಿಂದ ಚೂರು ಖರೇ ಗಂಧದೆಣ್ಣಿ ತರಸೀನಿ, ಅದರಾಗ ಗುಲಾಬಿ ಅತ್ತರ ಕಲಸಿಟ್ಟೀನಿ. ನೀವು ಮುಂಗೈ ಮುಂದ ಮಾಡ್ರಿ ಸಾಕು. ಮರುದಿನ ಎದ್ದ ಕೂಡ್ಲೆ ಮೂಸಿ, ಇನ್ನೂ ಉಳದದೋ ಇಲ್ಲೋ ನನಗ ಹೇಳ್ರಿ.